ಆಟಕ್ಕೆ ಮೊದಲೇ ಬರೆದ ವರದಿ

ಆಗುವುದಿಲ್ಲ ಎಂದವರು ನನ್ನ ದೊಡ್ಡಪ್ಪ ಈರಣ್ಣ. ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಉಣ್ಣಲು ಕುಳಿತಾಗ, ಅಪ್ಪನ ಕಡೆ ನೋಡುತ್ತ, ಆದರೆ ಒಲೆಯ ಮುಂದಿದ್ದ ಅವ್ವನಿಗೆ ಕೇಳಿಸುವ ಹಾಗೆ ಅಂದರು:

"ಬಯಲಾಟದ ಹಿಂದ ತಿರುಗೋ ಹೆಂಗಸಿನ ಮಗಳು ಡಿಗ್ರಿ ಮಾಡ್ತಾಳಂದ್ರ, ನಿನ್ನ ಮಿಲ್ಲಿನ ತೌಡು ಬಂಗಾರ ಆಗಬೇಕು ನೋಡಪಾ."

ಅವ್ವ ಪತ್ರಿಕೆಯ ಕೆಲಸ ಕಳೆದುಕೊಂಡು ಬಂದ ವಾರ ಅದು. ಆ ಹೊತ್ತು ಅನ್ನ ಬಡಿಸುತ್ತ, ನನ್ನನ್ನು ಡಿಗ್ರಿ ತನಕ ಓದಿಸುತ್ತೇನೆ ಎಂದು ಅವಳು ಎಲ್ಲರೆದುರು ಹೇಳಿದ್ದಳು. ದೊಡ್ಡಪ್ಪನ ಮಾತಿಗೆ ಅಪ್ಪ ತಲೆ ಎತ್ತಲಿಲ್ಲ. ಅವ್ವ ಸಾರಿನ ಪಾತ್ರೆ ತಂದು, ದೊಡ್ಡಪ್ಪನ ತಟ್ಟೆಗೆ ಇನ್ನೊಂದು ಸೌಟು ಹಾಕಿ ಒಳಗೆ ಹೋದಳು. ನಾನಿನ್ನೂ ಹೈಸ್ಕೂಲಿಗೆ ಕಾಲಿಟ್ಟಿರಲಿಲ್ಲ. ಡಿಗ್ರಿ ಅಂದರೆ ಏನೆಂದು ನನಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಇವತ್ತಿಗೂ ನಾನು ನನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದುಕೊಳ್ಳುತ್ತೇನೆ. ಈ ಕಾಲದಲ್ಲಿ ಅದನ್ನು ಯಾರು ಬರೆದುಕೊಳ್ಳುತ್ತಾರೆ ಎಂದು ನನ್ನ ಮಕ್ಕಳು ನಗುತ್ತಾರೆ. ನಗಲಿ. ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಆ ಎರಡಕ್ಷರ ಹೇಗೆ ಬಂತು, ಅದು ಬರುವಷ್ಟರಲ್ಲಿ ಏನು ಹೋಯಿತು ಎಂದು ಹೇಳಬೇಕಾದರೆ ಅವ್ವನಿಂದಲೇ ಶುರು ಮಾಡಬೇಕು.

ಅವ್ವ ನೀಲಮ್ಮ ಪತ್ರಕರ್ತೆಯಾಗಿದ್ದಳು. ಆ ಶಬ್ದವನ್ನು ಅವಳಿಗೆ ಯಾರೂ ಬಳಸಲಿಲ್ಲ, ಊರಿನವರಿಗೆ ಅವಳು 'ಪೇಪರ್ ನೀಲಮ್ಮ'. ಬಳ್ಳಾರಿಯಿಂದ ಬರುತ್ತಿದ್ದ ಒಂದು ಸಣ್ಣ ದಿನಪತ್ರಿಕೆಗೆ ಸಿರುಗುಪ್ಪದ ಸುದ್ದಿ ಬರೆದು ಕಳಿಸುತ್ತಿದ್ದಳು. ಕಾಲುವೆಗೆ ನೀರು ಬಂದದ್ದು, ಬಾರದ್ದು, ತುಂಗಭದ್ರೆಯಲ್ಲಿ ತೆಪ್ಪ ಮಗುಚಿದ್ದು, ಸಾಲೆಯ ಚಾವಣಿ ಕುಸಿದದ್ದು. ಅವಳ ಹೆಸರು ಎಂದೂ ಅಚ್ಚಾಗಲಿಲ್ಲ. 'ನಮ್ಮ ಸಿರುಗುಪ್ಪ ವರದಿಗಾರರಿಂದ' ಎಂದು ಇರುತ್ತಿತ್ತು, ಅಷ್ಟೇ. ಅವಳು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕುರುಗೋಡಿನಲ್ಲಿ, ಒಂದೊಂದು ತರಗತಿಗೂ ಮನೆಯಲ್ಲಿ ಜಗಳವಾಡಿ. ಅಕ್ಷರ ಅವಳಿಗೆ ಉಪಯೋಗಕ್ಕೆ ಬಂದದ್ದು ಮಾತ್ರ ಸಾಲೆಗಿಂತ ಹೆಚ್ಚಾಗಿ ಬಯಲಾಟದ ತಾಲೀಮಿನಲ್ಲಿ. ಅವಳ ತಮ್ಮ, ನನ್ನ ಸೋದರಮಾವ, ಕುರುಗೋಡಿನ ಆಟದ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ. ಪಾತ್ರಧಾರಿಗಳಲ್ಲಿ ಬಹಳ ಮಂದಿಗೆ ಓದು ಬರುತ್ತಿರಲಿಲ್ಲ. ಅವ್ವ ಹುಡುಗಿಯಾಗಿದ್ದಾಗಿನಿಂದ ತಾಲೀಮು ಮನೆಯ ಬಾಗಿಲಲ್ಲಿ ಕೂತು ಒಂದೊಂದೇ ಮಾತು ಓದಿ ಹೇಳುತ್ತಿದ್ದಳು, ಅವರು ತಿರುಗಿ ಹೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಸುತ್ತಲಿನ ಯಾವ ಊರಿನಲ್ಲಿ ತಾಲೀಮು ಶುರುವಾದರೂ ಹೇಳಿ ಕಳಿಸುತ್ತಿದ್ದರು, ಸಂಜೆ ಇವಳು ಹೋಗಿ ಕೂರುತ್ತಿದ್ದಳು. ದೊಡ್ಡಪ್ಪ ಬಯಲಾಟದ ಹಿಂದೆ ತಿರುಗುವುದು ಅಂದದ್ದು ಇದನ್ನೇ.

ನಮ್ಮದು ಅಕ್ಕಿ ಮಿಲ್ಲಿನ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ಅಪ್ಪ ಬಸಣ್ಣ ಅದೇ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಇಡೀ ದಿನ ಆ ಗದ್ದಲದಲ್ಲಿ ನಿಂತು ನಿಂತು ಅವನ ಕಿವಿ ಮಂದವಾಗಿತ್ತು, ಮನೆಗೆ ಬಂದ ಮೇಲೆ ಮಾತೂ ಕಡಿಮೆ. ದೊಡ್ಡಪ್ಪ ಪಕ್ಕದ ಮನೆಯಲ್ಲೇ ಇದ್ದರು. ಅಪ್ಪನಿಗೆ ಆ ಕೆಲಸ ಕೊಡಿಸಿದವರು ಅವರು, ಹಾಗಾಗಿ ನಮ್ಮ ಮನೆಯ ಯಾವ ಮಾತೂ ಅವರಿಲ್ಲದೆ ಮುಗಿಯುತ್ತಿರಲಿಲ್ಲ. ತೌಡಿನ ಧೂಳು ಎಲ್ಲದರ ಮೇಲೂ ಕೂರುತ್ತಿತ್ತು. ಕೊಡದ ನೀರಿನ ಮೇಲೆ, ದೇವರ ಫೋಟೋದ ಗಾಜಿನ ಮೇಲೆ, ನಾವು ಹೊದ್ದ ಕೌದಿಯ ಮೇಲೆ. ಮಿಲ್ಲಿನಿಂದ ನುಚ್ಚು ಸಿಗುತ್ತಿತ್ತು, ವರ್ಷವೆಲ್ಲ ನುಚ್ಚಿನ ಅನ್ನ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಇಡಿ ಅಕ್ಕಿಯ ಅನ್ನ ಹಬ್ಬಕ್ಕೆ ಮಾತ್ರ. ಅಕ್ಕಿ ಮಿಲ್ಲಿನ ಗೋಡೆಗೆ ಆತುಕೊಂಡ ಮನೆಯಲ್ಲಿ ನುಚ್ಚು ತಿಂದು ಬೆಳೆದೆ ಅಂದರೆ ಈಗಿನವರು ನಂಬುವುದಿಲ್ಲ.

ಅವ್ವ ಬರೆಯುತ್ತಿದ್ದದ್ದು ಒಳಕೋಣೆಯಲ್ಲಿ, ಒಲೆಯ ಪಕ್ಕ, ಕಾಲು ಚಾಚಿ ಕೂತು ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು. ಮಧ್ಯಾಹ್ನದ ಮೇಲೆ ಶುರುವಾದರೆ ಸಂಜೆ ಬಳ್ಳಾರಿ ಬಸ್ಸು ಬರುವುದರೊಳಗೆ ಮುಗಿಯಬೇಕು. ಬರೆದ ಹಾಳೆಗಳನ್ನು ಮಡಿಚಿ ಕವರಿಗೆ ಹಾಕಿ, ಅನ್ನದ ಅಗುಳು ಹಚ್ಚಿ ಅಂಟಿಸುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ರಾತ್ರಿಯ ಅನ್ನ ಹೊತ್ತು ಮುಳುಗುವ ಮೊದಲೇ ಆಗುತ್ತಿತ್ತು. ಅದು ಹಸಿವಿಗೆ ಆಗುತ್ತಿದ್ದ ಅನ್ನವಲ್ಲ, ಸುದ್ದಿಗೆ ಆಗುತ್ತಿದ್ದ ಅನ್ನ ಎಂದು ದೊಡ್ಡಮ್ಮ ಆಡಿಕೊಳ್ಳುತ್ತಿದ್ದಳು. ಕವರನ್ನು ಬಸ್‌ಸ್ಟ್ಯಾಂಡಿಗೆ ಒಯ್ಯುವುದು ನನ್ನ ಕೆಲಸ. ಕಂಡಕ್ಟರ್ ಅದನ್ನು ಟಿಕೆಟ್ ಬ್ಯಾಗಿಗೆ ಸೇರಿಸಿಕೊಂಡು, "ಇವತ್ತು ಏನ್ ಬರದಾಳ ನಿಮ್ಮವ್ವ?" ಎಂದು ಕೇಳುತ್ತಿದ್ದ. ಬಳ್ಳಾರಿಯಲ್ಲಿ ಪ್ರೆಸ್ಸಿನವರು ಬಂದು ಬಸ್ಸಿನಿಂದ ಇಸಿದುಕೊಳ್ಳುತ್ತಿದ್ದರು. ಮಾರನೆಯ ದಿನ ಬೆಳಿಗ್ಗೆ ಅದೇ ಬಸ್ಸಿನ ಮೇಲೆ ಪತ್ರಿಕೆಯ ಕಟ್ಟು ಬರುತ್ತಿತ್ತು. ಅವ್ವ ತಾನು ಬರೆದದ್ದನ್ನು ಓದಿ, ಅದರ ಮೇಲೆ ಕೂತ ತೌಡನ್ನು ಸೆರಗಿನಿಂದ ಒರೆಸಿ, ಟ್ರಂಕಿನ ಮೇಲಿಡುತ್ತಿದ್ದಳು.

ಬಯಲಾಟದ ವರದಿಯಲ್ಲಿ ಒಂದು ತೊಡಕಿತ್ತು. ಆಟ ಶುರುವಾಗುವುದು ಊರೆಲ್ಲ ಉಂಡ ಮೇಲೆ, ಮುಗಿಯುವುದು ಬೆಳಕು ಹರಿದಾಗ. ಆ ಹೊತ್ತಿಗೆ ಪತ್ರಿಕೆ ಅಚ್ಚಾಗಿ ಕಟ್ಟು ಕಟ್ಟಿಯಾಗಿರುತ್ತಿತ್ತು. ಆಟ ನೋಡಿ ಬರೆದು ಕಳಿಸಿದರೆ ಎರಡು ದಿನ ಹಳತಾದ ಸುದ್ದಿ ಎಂದು ಅಲ್ಲಿ ಎತ್ತಿ ಒಗೆಯುತ್ತಿದ್ದರು. ಬೇಸಿಗೆಯೆಲ್ಲ ಬೆವರು ಹರಿಸಿ ಕಲಿತವರ ಹೆಸರು ಒಂದು ಸಲವಾದರೂ ಪತ್ರಿಕೆಯಲ್ಲಿ ಬರಬೇಕೆಂದರೆ ಇದ್ದದ್ದು ಒಂದೇ ದಾರಿ. ಆಟಕ್ಕೆ ಮೊದಲೇ ಆಟದ ವರದಿ ಬರೆಯುವುದು. ತಾಲೂಕುಗಳ ವರದಿಗಾರರೆಲ್ಲ ಹಾಗೇ ಮಾಡುತ್ತಿದ್ದರು. ಉಳಿದವರು ಕರಪತ್ರ ನೋಡಿ ಬರೆಯುತ್ತಿದ್ದರು, ಅವ್ವ ತಾಲೀಮು ನೋಡಿ ಬರೆಯುತ್ತಿದ್ದಳು, ಅಷ್ಟೇ ವ್ಯತ್ಯಾಸ. ಯಾರು ಯಾವ ಮಾತಿಗೆ ಧ್ವನಿ ಏರಿಸುತ್ತಾರೆ, ಯಾರ ಕುಣಿತದಲ್ಲಿ ಎಡಗಾಲು ತಡವಾಗುತ್ತದೆ ಎಂದೆಲ್ಲ ಅವಳಿಗೆ ಗೊತ್ತಿರುತ್ತಿತ್ತು. ಕವರು ಬಸ್ಸು ಹತ್ತಿದ ಮೇಲೆ ತಾನೂ ಹೊರಟು ಆಟ ನೋಡುತ್ತಿದ್ದಳು. ಮಾರನೆಯ ದಿನ ಓದಿದವರು ಇವಳು ಮುಂದಿನ ಸಾಲಿನಲ್ಲೇ ಕೂತು ಬರೆದಿದ್ದಾಳೆ ಅನ್ನುತ್ತಿದ್ದರು.

ಹಚ್ಚೊಳ್ಳಿಯ ಮಾರೆಪ್ಪ ಕ್ರೂರಿ ರಾಜನ ಪಾತ್ರಕ್ಕೆ ಹೆಸರಾದವನು. ವಯಸ್ಸಾಗಿತ್ತು, ಆದರೂ ಆ ವರ್ಷವೊಂದು ವೇಷ ಕಟ್ಟಿ ಬಿಟ್ಟುಬಿಡುತ್ತೇನೆ ಎಂದಿದ್ದ. ಅವ್ವ ಆ ತಾಲೀಮಿಗೆ ತಪ್ಪದೆ ಹೋಗಿದ್ದಳು, ಎಷ್ಟೋ ಸಲ ನನ್ನನ್ನೂ ಕರೆದೊಯ್ದಿದ್ದಳು. ಮಾರೆಪ್ಪ ನನಗೆ ಹುರಿದ ಶೇಂಗಾ ಕೊಟ್ಟು, "ಯವ್ವಾ, ನಿಮ್ಮವ್ವ ನನ್ನ ಬಗ್ಗೆ ಏನರ ಕೆಟ್ಟದ್ದು ಬರದ್ರ ನನಗ ಹೇಳಬೇಕು ನೋಡು" ಎಂದು ಮೀಸೆ ತಿರುವುತ್ತಿದ್ದ. ಆಟದ ದಿನ ಅವ್ವ ವರದಿ ಬರೆದಳು, ಅನ್ನದ ಅಗುಳು ಹಚ್ಚಿದಳು, ನಾನು ಕಂಡಕ್ಟರನ ಕೈಗೆ ಕೊಟ್ಟು ಬಂದೆ. ಆಮೇಲೆ ನಾವಿಬ್ಬರೂ ಹಚ್ಚೊಳ್ಳಿಗೆ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿದೆವು. ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದೆವು. ಅಷ್ಟೊತ್ತಿಗೆ ಮದ್ದಳೆ ಹದ ಮಾಡುವ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ಬಣ್ಣದ ಮನೆಯ ಮುಂದೆ ಜನ ಸುಮ್ಮನೆ ನಿಂತಿದ್ದರು. ಮಾರೆಪ್ಪ ಬಣ್ಣ ಹಚ್ಚಿಸಿಕೊಳ್ಳಲು ಗೋಡೆಗೆ ಒರಗಿ ಕೂತಿದ್ದನಂತೆ, ಅರ್ಧ ಮುಖಕ್ಕೆ ಬಣ್ಣವಾಗಿತ್ತಂತೆ. ಹಚ್ಚುತ್ತಿದ್ದವನು ಇನ್ನೊಂದು ಕಡೆ ತಿರುಗು ಅಂದಾಗ ತಿರುಗಲಿಲ್ಲ.

ಅವ್ವನಿಗೆ ಕೂಡಲೇ ಕವರು ನೆನಪಾಯಿತು. ಹಚ್ಚೊಳ್ಳಿಯಲ್ಲಿ ಇದ್ದ ಒಂದು ಫೋನು ಪಂಚಾಯ್ತಿ ಆಫೀಸಿನಲ್ಲಿ ಬೀಗದೊಳಗೆ. ಟ್ರ್ಯಾಕ್ಟರಿನವನು ಸಿರುಗುಪ್ಪಕ್ಕೆ ವಾಪಸು ಹೊರಟಿದ್ದ, ಕೂತರೆ ಅಲ್ಲಿಂದ ಪ್ರೆಸ್ಸಿಗೆ ಫೋನು ಮಾಡಿ ವರದಿ ನಿಲ್ಲಿಸಬಹುದಿತ್ತು. ಅವನು ಎರಡು ಸಲ ಕರೆದ. ಅವ್ವ ಒಂದು ಕಾಲನ್ನು ಟ್ರಾಲಿಯ ಮೇಲೂ ಇಟ್ಟಿದ್ದಳು. ಆಗ ಮಾರೆಪ್ಪನ ಹೆಂಡತಿ ಗಂಗಮ್ಮ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

"ನೀಲವ್ವಾ, ಆ ಮಾರಿ ತೊಳೀಬೇಕು. ಯಾರೂ ಮುಟ್ಟವಲ್ರು. ಹಿಂಗ ಹೆಂಗ ಕಳಿಸ್ಲಿ ಹೇಳು."

ವೇಷದಲ್ಲಿ ಸತ್ತವನ ಮುಖದ ಬಣ್ಣ ತೆಗೆಯಲು ಮೇಳದವರಿಗೆ ಭಯ. ವೇಷ ಬಿಚ್ಚದ ತನಕ ಅವನು ಮಾರೆಪ್ಪನಲ್ಲ, ರಾಜನೇ ಎಂದು ಅವರ ನಂಬಿಕೆ. ಅವ್ವ ಟ್ರಾಲಿಯಿಂದ ಕಾಲು ಇಳಿಸಿದಳು. ಕೊಬ್ಬರಿ ಎಣ್ಣೆ ತರಿಸಿ, ಅರಿವೆ ಅದ್ದಿ, ಹಣೆಯಿಂದ ಕೆಳಗೆ ಸ್ವಲ್ಪ ಸ್ವಲ್ಪವೇ ಒರೆಸಿದಳು. ನಾನು ಬಟ್ಟಲು ಹಿಡಿದು ಪಕ್ಕದಲ್ಲಿದ್ದೆ. ಹುಬ್ಬಿನ ಕಪ್ಪು ಬೇಗ ಬಿಡಲಿಲ್ಲ. ಬಣ್ಣವೆಲ್ಲ ಹೋದ ಮೇಲೆ ಅಲ್ಲಿ ಕಂಡದ್ದು ನನಗೆ ಶೇಂಗಾ ಕೊಟ್ಟಿದ್ದ ಮುದುಕ. ಟ್ರ್ಯಾಕ್ಟರ್ ಯಾವಾಗಲೋ ಹೋಗಿತ್ತು.

ಮಾರನೆಯ ಬೆಳಿಗ್ಗೆ ಪತ್ರಿಕೆ ಬಂತು. ಮಾರೆಪ್ಪನ ರಾಜ ಗದ್ದುಗೆಯಿಂದ ಎದ್ದು ನಿಂತಾಗ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು, ಬೆಳಗಿನವರೆಗೂ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ ಎಂದು ಅದರಲ್ಲಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಸತ್ತವನನ್ನು ಕುಣಿಸಿದಾಕೆ ಎಂದರು. ಆ ಹೆಸರು ಪೇಪರ್ ನೀಲಮ್ಮ ಎಂಬ ಹೆಸರಿಗಿಂತ ಬೇಗ ಊರು ತಿರುಗಿತು. ಎರಡು ದಿನ ಬಿಟ್ಟು ಬಳ್ಳಾರಿಯಿಂದ ಕರೆ ಬಂತು, ಅವ್ವ ನನ್ನನ್ನು ಕರೆದುಕೊಂಡು ಹೋದಳು. ಮಹಡಿಯ ಮೇಲೆ ಸಂಪಾದಕರ ಕೋಣೆ. ಇನ್ನೊಂದು ತಾಲೂಕಿನ ವರದಿಗಾರರೊಬ್ಬರು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು. ಅವರೂ ಆಟಕ್ಕೆ ಮೊದಲೇ ಬರೆಯುವವರೇ. ಅವ್ವ ಅವರ ಕಡೆ ಒಮ್ಮೆ ನೋಡಿದಳು, ಅವರು ಕಿಟಕಿಯಾಚೆ ನೋಡಿದರು. ಆ ಪದ್ಧತಿ ಸಂಪಾದಕರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರು ಕೂಗಾಡಲಿಲ್ಲ, ಮೆತ್ತಗೆ ಹೇಳಿದರು:

"ನೋಡಿ ಅಮ್ಮ, ನಾಲ್ಕಕ್ಷರ ಓದಿದವರಾಗಿದ್ದರೆ ಹೀಗಾಗುತ್ತಿರಲಿಲ್ಲ. ಡಿಗ್ರಿ ಇಲ್ಲದವರನ್ನು ಇಟ್ಟುಕೊಂಡದ್ದು ನಮ್ಮದೇ ತಪ್ಪು."

ಹೇಳಿದ್ದರೆ ಅವ್ವನಿಗೆ ಹೇಳಲಿಕ್ಕಿತ್ತು. ಇಳಿದು ಬರುವಾಗ ಮೆಟ್ಟಿಲ ಕಂಬಿ ಹಿಡಿದು ನಿಂತಳು, ಅಷ್ಟೇ. ಬಸ್‌ಸ್ಟ್ಯಾಂಡಿನ ಹೊರಗೆ ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದಳು, ತಾನು ತಿನ್ನಲಿಲ್ಲ. ನನ್ನ ಕಣ್ಣಲ್ಲಿ ಖಾರಕ್ಕೆ ನೀರು ಬಂದಾಗ ಸೆರಗಿನಿಂದ ಒರೆಸುತ್ತ ಅಂದಳು:

"ನೀ ಡಿಗ್ರಿ ಮಾಡಬೇಕು. ನಿನಗ ಯಾರೂ ಹಿಂಗ ಅನ್ನಬಾರದು."

ತಿಂಗಳಾದ ಮೇಲೆ ಗಂಗಮ್ಮ ನಮ್ಮ ಮನೆಗೆ ಬಂದಳು, ಮಡಿಚಿದ ಪತ್ರಿಕೆ ಸೊಂಟಕ್ಕೆ ಸಿಕ್ಕಿಸಿಕೊಂಡು. ಜಗಳಕ್ಕೆ ಬಂದಿದ್ದಾಳೆ ಎಂದು ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗಂಗಮ್ಮ ಪತ್ರಿಕೆ ಬಿಚ್ಚಿ ಅವ್ವನ ಮುಂದೆ ಇಟ್ಟು, ಓದು ಅಂದಳು. ಅವ್ವ ಒಲ್ಲೆನೆಂದಳು. ಮತ್ತೆ ಅಂದಾಗ, ತಾಲೀಮಿನಲ್ಲಿ ಓದುತ್ತಿದ್ದ ಹಾಗೆ ನಿಧಾನಕ್ಕೆ ಓದಿದಳು. ಗಂಗಮ್ಮ ಕಡೆಯ ತನಕ ಕೇಳಿ, ಪತ್ರಿಕೆಯನ್ನು ಮೊದಲಿನ ಹಾಗೇ ಮಡಿಚಿಕೊಂಡಳು.

"ಖರೆ ಬರದಿ. ಆಡಿದ್ರ ಹಂಗ ಆಡ್ತಿದ್ದ."

ಅವಳು ಹೋದ ಮೇಲೆ ಅವ್ವ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆಮೇಲೆ ಅವಳು ಯಾವ ಪತ್ರಿಕೆಗೂ ಒಂದು ಸಾಲು ಬರೆಯಲಿಲ್ಲ. ಬರೆಯುತ್ತಿದ್ದ ಹಲಗೆಯ ಮೇಲೆ ರೊಟ್ಟಿ ಪುಟ್ಟಿ ಬಂದು ಕೂತಿತು. ಅಪ್ಪನ ಮಿಲ್ಲಿನಲ್ಲೇ ಅಕ್ಕಿ ಕೇರುವ, ಕಲ್ಲು ಆರಿಸುವ ಕೆಲಸಕ್ಕೆ ಹೋದಳು. ತಾಲೀಮಿಗೆ ಮಾತ್ರ ಹೋಗುತ್ತಿದ್ದಳು. ಅದನ್ನೂ ಬಿಡಿಸಲು ದೊಡ್ಡಪ್ಪ ನೋಡಿದರು, ಆಗಲಿಲ್ಲ. ಸಂಜೆ ಮನೆಗೆ ಬಂದಾಗ ಅವಳ ಹುಬ್ಬು, ತಲೆಗೂದಲು ತೌಡಿನಿಂದ ಬಿಳಿಯಾಗಿರುತ್ತಿತ್ತು. ಒಮ್ಮೊಮ್ಮೆ ಕನ್ನಡಿಯ ಮುಂದೆ ನಿಂತು, "ಬಣ್ಣ ಹಚ್ಚೋ ಖರ್ಚಿಲ್ಲ ನನಗ, ಮುದುಕಿ ಪಾತ್ರ ಕೊಟ್ರ ಹಿಂಗ ಹೋಗಿ ನಿಂತು ಬಿಡ್ತೀನಿ" ಎಂದು ನಗಿಸಲು ನೋಡುತ್ತಿದ್ದಳು. ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ದೊಡ್ಡಪ್ಪ ಕೊಳಗಲ್ಲಿನ ಒಂದು ಸಂಬಂಧ ತಂದರು. ಹುಡುಗನಿಗೆ ಹೊಲವಿತ್ತು, ತಂದೆತಾಯಿ ಒಳ್ಳೆಯವರಿದ್ದರು. ಹೆಸರಿಡುವಂಥದ್ದೇನೂ ಇರಲಿಲ್ಲ, ಅದಕ್ಕೇ ಆ ಜಗಳ ಅಷ್ಟು ದೊಡ್ಡದಾಯಿತು. ವಾರಗಟ್ಟಲೆ ನಮ್ಮ ಮನೆಯಲ್ಲಿ ಊಟದ ಹೊತ್ತೆಂದರೆ ಭಯ. ಅಪ್ಪ ತನ್ನ ಕಿವುಡನ್ನು ಅಡ್ಡ ಇಟ್ಟುಕೊಂಡು ಉಣ್ಣುತ್ತಿದ್ದ. ತನ್ನ ಅಣ್ಣ ಏನಂದರೂ ಅವನಿಗೆ ಕೇಳುತ್ತಿರಲಿಲ್ಲ, ಹೆಂಡತಿ ಏನಂದರೂ ಕೇಳುತ್ತಿರಲಿಲ್ಲ. ಕಡೆಗೊಂದು ದಿನ ಅವ್ವ ನನ್ನ ಬಟ್ಟೆ ಗಂಟು ಕಟ್ಟಿ, ಕುರುಗೋಡಿಗೆ ಕರೆದೊಯ್ದು ಸೋದರಮಾವನ ಮನೆಯಲ್ಲಿ ಬಿಟ್ಟಳು. ಅಲ್ಲೇ ಪಿಯುಸಿ ಮಾಡಿದೆ, ಆಮೇಲೆ ಅಲ್ಲಿಂದಲೇ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಹೋದೆ. ಮಾವನ ಮನೆಯ ಅಟ್ಟದ ಕೆಳಗೆ, ಮದ್ದಳೆಗಳ ನಡುವೆ ನನ್ನ ಹಾಸಿಗೆ. ಕನ್ನಡ, ಇತಿಹಾಸ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಇಂಗ್ಲಿಷ್ ಮಾತ್ರ ಕುರುಗೋಡಿನ ಬಂಡೆಯ ಹಾಗೆ ಎದುರು ನಿಂತಿತ್ತು. ಕ್ಲಾಸಿನಲ್ಲಿ ಉಳಿದವರು ನಗುವ ಜಾಗದಲ್ಲಿ ನಾನೂ ನಗುತ್ತಿದ್ದೆ, ಏತಕ್ಕೆಂದು ತಿಳಿಯದೆ. ಅವ್ವ ರಜೆಯ ದಿನ ನುಚ್ಚಿನ ಚೀಲ ಹೊತ್ತು ಬರುತ್ತಿದ್ದಳು. ಬಂದವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ಕೂತು, ಉಸಿರು ಹಿಂದಿರುಗಿದ ಮೇಲೆ ಒಳಗೆ ಬರುತ್ತಿದ್ದಳು. ಪ್ರತಿ ಸಲವೂ ಅವಳು ಕೂರುವ ಹೊತ್ತು ಹೆಚ್ಚಾಗುತ್ತಿತ್ತು.

ಡಿಗ್ರಿಯ ಕೊನೆಯ ವರ್ಷ ಅವಳನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ತೌಡಿನ ಧೂಳು ಕುಡಿದು ಕುಡಿದು ಎದೆಯೊಳಗೆ ಏನೂ ಉಳಿದಿಲ್ಲ ಎಂದರು ಡಾಕ್ಟರು. ನಾನು ಪರೀಕ್ಷೆ ಬರೆದು ವಾರ್ಡಿಗೆ ಹೋಗುತ್ತಿದ್ದೆ, ವಾರ್ಡಿನಿಂದ ಪರೀಕ್ಷೆಗೆ. ಪರೀಕ್ಷೆ ಬಿಟ್ಟು ಇಲ್ಲೇ ಇರುತ್ತೇನೆ ಅಂದದ್ದಕ್ಕೆ, "ನೀ ಇಲ್ಲಿ ಕುಂತ್ರ ನನ್ನ ಉಸುರು ಹೆಚ್ಚಾಕ್ಕೈತೇನು? ಹೋಗಿ ಬರಿ" ಎಂದು ಗದರಿದಳು. ಮಾವ ನೋಡಲು ಬಂದರೆ, ಊರಲ್ಲಿ ಯಾವ ಆಟದ ತಾಲೀಮು ನಡೆದಿದೆ, ಯಾರಿಗೆ ಯಾವ ಪಾತ್ರ ಕೊಟ್ಟಿದ್ದಾರೆ ಎಂದು ಕೇಳುತ್ತಿದ್ದಳು. ಕೇಳಿ, ಆ ಪಾತ್ರ ಅವನಿಗಲ್ಲ, ಇವನಿಗೆ ಕೊಡಬೇಕಿತ್ತು ಎಂದು ತಕರಾರು ತೆಗೆಯುತ್ತಿದ್ದಳು. ಪರೀಕ್ಷೆ ಮುಗಿದ ದಿನ ನಾನು ವಾರ್ಡಿಗೆ ಹೋದಾಗ ಪಕ್ಕದ ಮಂಚದ ಹೆಂಗಸು ನನ್ನ ಕೈ ಹಿಡಿದು, ಡಿಗ್ರಿ ಆತಂತಲ್ಲವ್ವ, ನಿಮ್ಮವ್ವ ಹೇಳಿದಳು ಎಂದಳು. ಕಸ ಗುಡಿಸುವಾಕೆ ಸಿಹಿ ಎಲ್ಲಿ ಎಂದಳು. ನರ್ಸಿಗೂ ಹೇಳಿಯಾಗಿತ್ತು. ಫಲಿತಾಂಶ ಬರಲು ಇನ್ನೂ ತಿಂಗಳುಗಳಿದ್ದವು. ನಾನು ಅವ್ವನ ಕಡೆ ನೋಡಿದೆ.

"ನಾ ನಿನ್ನ ತಾಲೀಮು ನೋಡೀನಲ್ಲ," ಎಂದಳು.

ಆ ವಾರವೇ ತೀರಿಕೊಂಡಳು. ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಹಚ್ಚೊಳ್ಳಿ, ಕುರುಗೋಡಿನಿಂದ ಮೇಳದವರು ಬಂದು ಸಿರುಗುಪ್ಪದಲ್ಲಿ ಮಣ್ಣು ಮಾಡುವಾಗ ನಿಂತರು, ಗಂಗಮ್ಮ ಅವ್ವನ ಹಣೆಗೆ ವಿಭೂತಿ ಹಚ್ಚಿದಳು.

ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ನಾನು ನಪಾಸಾಗಿದ್ದೆ. ಕಾಲೇಜಿನ ಗೋಡೆಗೆ ಅಂಟಿಸಿದ ಪಟ್ಟಿಯ ಮುಂದೆ ನಿಂತಾಗ ನನಗೆ ಬಂದ ಮೊದಲ ಯೋಚನೆ ನನ್ನ ಬಗ್ಗೆಯಲ್ಲ, ಅವ್ವ ಆ ವಾರ್ಡಿನಲ್ಲಿ ಅಷ್ಟು ಮಂದಿಗೆ ಹೇಳಿಬಿಟ್ಟಿದ್ದಾಳಲ್ಲ ಎಂಬುದು. ಸಿರುಗುಪ್ಪಕ್ಕೆ ಹೋದಾಗ ದೊಡ್ಡಪ್ಪ ಚುಚ್ಚಿ ಮಾತಾಡಲಿಲ್ಲ. ಮೆತ್ತಗೆಯೇ, ಸಾಕು ಬಿಡವ್ವ, ಆಕಿನೂ ಇಲ್ಲ, ಕೊಳಗಲ್ಲಿನವರು ಇನ್ನೂ ಕೇಳತಾರ ಎಂದರು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವನೇನಾದರೂ ಹೇಳುತ್ತಾನೆಂದು ನಾನು ಕಾದೆ. ಸಂಜೆಯ ಬಸ್ಸಿಗೆ ಕುರುಗೋಡಿಗೆ ವಾಪಸಾದೆ. ಮತ್ತೆ ಬರೆದೆ, ಮತ್ತೆ ನಪಾಸಾದೆ. ಮಾವನ ಮನೆಯಲ್ಲೂ ಮಾತು ಕಡಿಮೆಯಾಯಿತು. ಬಟ್ಟೆ ಹೊಲಿಯುವುದನ್ನು ಕಲಿತೆ, ಮಷೀನು ತುಳಿಯುತ್ತ ಇಂಗ್ಲಿಷ್ ಪಾಠಗಳನ್ನು ಮೇಳದವರು ಮಾತು ಕಲಿಯುವ ಹಾಗೆ, ಅರ್ಥವಾಗಲಿ ಬಿಡಲಿ, ಗಟ್ಟಿಯಾಗಿ ಹೇಳಿ ಹೇಳಿ ಬಾಯಿಪಾಠ ಮಾಡಿದೆ. ಮಾವ ಮದ್ದಳೆಗೆ ಹಿಟ್ಟು ಹಚ್ಚುತ್ತ, "ಈ ಪಾತ್ರಕ್ಕ ತಾಳ ಯಾವುದು ಹಾಕ್ಲಿ?" ಎಂದು ಕೇಳುತ್ತಿದ್ದ. ಮೂರನೆಯ ಸಲ ಪಾಸಾದೆ, ತೀರಾ ಅಂಚಿನ ಮೇಲೆ. ಯಾರಿಗೂ ಹೇಳಲು ಓಡಲಿಲ್ಲ. ದೊಡ್ಡಪ್ಪನಿಗೆ ಸುದ್ದಿ ಮುಟ್ಟಿದಾಗ "ಹೌದಾ" ಅಂದರಂತೆ.

ಪದವಿ ಪ್ರಮಾಣಪತ್ರವನ್ನು ನಾನು ವೇದಿಕೆಯ ಮೇಲೆ ಪಡೆಯಲಿಲ್ಲ. ಕಾಲೇಜಿನ ಆಫೀಸಿನ ಕಿಂಡಿಯಲ್ಲಿ ಗುಮಾಸ್ತರು ಸಹಿ ಹಾಕಿಸಿಕೊಂಡು, ಒಳಗಿನಿಂದ ಹೊರಕ್ಕೆ ಸರಿಸಿದರು. ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಿದ್ದರು. ಅದನ್ನು ಎದೆಗೆ ಹಿಡಿದುಕೊಂಡು ಸಿರುಗುಪ್ಪದ ಬಸ್ಸು ಹತ್ತಿ, ನೇರವಾಗಿ ಮಿಲ್ಲಿಗೆ ಹೋದೆ. ಕರೆಂಟು ಹೋಗಿ ಮಷೀನು ನಿಂತಿತ್ತು, ಅಷ್ಟು ಸದ್ದಿಲ್ಲದ ಮಿಲ್ಲನ್ನು ನಾನು ನೋಡಿದ್ದೇ ಕಡಿಮೆ. ಅಪ್ಪ ಮೂಟೆಯ ಮೇಲೆ ಕೂತಿದ್ದ. ಕೈಗಳನ್ನು ಪಂಚೆಗೆ ಒರೆಸಿಕೊಂಡು, ಸಾಲದೆಂದು ಟವೆಲಿಗೆ ಮತ್ತೊಮ್ಮೆ ಒರೆಸಿಕೊಂಡು, ಪ್ರಮಾಣಪತ್ರವನ್ನು ಅಂಚು ಹಿಡಿದು ತೆಗೆದುಕೊಂಡ. ಅವನಿಗೆ ಓದಲು ಬರುತ್ತಿದ್ದದ್ದು ತನ್ನ ಹೆಸರೊಂದೇ, ಸಹಿ ಮಾಡಲೆಂದು ಅವ್ವ ಕಲಿಸಿದ್ದು. ಕನ್ನಡದ ಸಾಲುಗಳ ಮೇಲೆ ಬೆರಳು ಆಡಿಸುತ್ತ ಬಂದು ಒಂದು ಕಡೆ ನಿಲ್ಲಿಸಿದ. 'ಬಸಣ್ಣ ಇವರ ಮಗಳು' ಎಂದಿತ್ತು. ಆಮೇಲೆ ಮಷೀನು ನಡೆಯುತ್ತಿರುವಾಗ ಮಾತಾಡುವಷ್ಟೇ ಗಟ್ಟಿಯಾಗಿ, ಆ ಸದ್ದಿಲ್ಲದ ಮಿಲ್ಲಿನಲ್ಲಿ ಕೇಳಿದ:

"ಇದರಾಗ ನನ್ನ ಹೆಸರು ಯಾಕ ಹಾಕ್ಯಾರ ಯವ್ವಾ? ನಾ ಏನ್ ಮಾಡೀನಿ?"